ಹೆಸರು, ಊರು, ಆಮೇಲೆ ಹಾಡು

ಹೋದ ವಾರ ನಮ್ಮ ಓಣಿಗೆ ಹತ್ತಿ ಹಿಂಜುವ ಮಷಿನ್ನಿನ ಗಾಡಿ ಬಂದಿತ್ತು. ನನ್ನ ಹೆಂಡತಿ ಅಟ್ಟದ ಮೇಲಿದ್ದ ಹಳೆಯ ಗಾದಿಯನ್ನು ಇಳಿಸಿ, ಹೊಲಿಗೆ ಬಿಚ್ಚಿ, ಹತ್ತಿಯನ್ನೆಲ್ಲ ಅಂಗಳದಲ್ಲಿ ಸುರುವಿದಳು. ಹಳೆಯ ಹತ್ತಿಗೆ ಒಂದು ವಾಸನೆ ಇರುತ್ತದೆ. ಸ್ವಲ್ಪ ಧೂಳು, ಸ್ವಲ್ಪ ಕೊಬ್ಬರಿ ಎಣ್ಣೆ, ಸ್ವಲ್ಪ ಬಿಸಿಲು... ಮೂಗಿಗೆ ಬಡಿದದ್ದೇ ತಡ, ನಾಲ್ಕು ಸಲ ಸೀನಿದೆ. ಕಣ್ಣಲ್ಲಿ ನೀರು ಬಂತು. ಸೀನಿದ್ದಕ್ಕೆ ಬಂತು ಎಂದು ಹೆಂಡತಿಗೆ ಹೇಳಿದೆ. ಆ ಗಾದಿಯನ್ನು ಮಾಡಿಕೊಟ್ಟವರು ಗಾದಿ ಚಾಚಾ.

ಸವಣೂರಿನ ಪೇಟೆಯಲ್ಲಿ ಆಗ ನನ್ನ ಮೈಕ್ ಸೆಟ್ ಅಂಗಡಿ ಇತ್ತು. ರಸ್ತೆಯ ಆ ಕಡೆ ಅವರ ಗಾದಿ ಅಂಗಡಿ. ಬಡಕಲು ಮೈ, ಹುಬ್ಬಿನ ಮೇಲೆ ಯಾವಾಗಲೂ ಹತ್ತಿಯ ಎಳೆ, ಎರಡು ಮಾತಿಗೊಂದು ಕೆಮ್ಮು. ಊರೆಲ್ಲ ಅವರನ್ನು ಗಾದಿ ಚಾಚಾ ಎಂದೇ ಕರೆಯುತ್ತಿತ್ತು. ಅಂಗಡಿಯ ಹಿಂದೆ ಒಂದು ಕೋಣೆ. ಅದರ ನಾಲ್ಕೂ ಗೋಡೆಗೆ ಗಾದಿಗಳನ್ನು ತೊಲೆ ಮುಟ್ಟುವವರೆಗೆ ಒಟ್ಟಿರುತ್ತಿದ್ದರು. ಬಾಗಿಲು ಹಾಕಿಕೊಂಡರೆ ಮುಗಿಯಿತು, ಬಸ್ಸಿನ ಹಾರ್ನೂ ಇಲ್ಲ, ಸಂತೆಯ ಗದ್ದಲವೂ ಇಲ್ಲ. ನಮ್ಮ ಉಸಿರು ನಮಗೇ ಕೇಳಿಸುತ್ತಿತ್ತು.

ನನ್ನ ಅಂಗಡಿಯಲ್ಲಿ ಏನಿರಲಿಲ್ಲ ಹೇಳಿ! ಕಂಪ್ಯೂಟರ್ ಇತ್ತು, ಹುಬ್ಬಳ್ಳಿಯಿಂದ ತಂದ ಮೈಕ್ ಇತ್ತು. ತತ್ತಿ ಇಡುವ ರಟ್ಟಿನ ಟ್ರೇಗಳನ್ನು ಗೋಡೆಗೆ ಅಂಟಿಸಿದರೆ ದನಿ ಮಾರ್ದನಿಸುವುದಿಲ್ಲ ಎಂದು ಯಾರೋ ಹೇಳಿದ್ದರು. ಒಂದು ವಾರ ಕೂತು ಗೋಡೆ ತುಂಬ ಅಂಟಿಸಿದೆ. ಮಾರ್ದನಿ ಹೋಗಲಿಲ್ಲ, ಜಿರಲೆ ಬಂದವು. ತಾವೇ ಹಾಡು ಕಟ್ಟಿ ಹಾಡುವ ಹುಡುಗರು ಆಗ ನಮ್ಮ ಕಡೆ ಬೇಕಾದಷ್ಟು ಮಂದಿ ಇದ್ದರು. ಹಿರೇಬೆಂಡಿಗೇರಿಯ ಭಜನೆಯವನು, ಹಿರೇಕೆರೂರಿನ ಟ್ರ್ಯಾಕ್ಟರ್ ಡ್ರೈವರ್, ಶಿಗ್ಗಾಂವಿಯ ಕಾಲೇಜು ಹುಡುಗ, ಎಲ್ಲರೂ ಮೊದಲು ಬರುತ್ತಿದ್ದದ್ದು ನನ್ನ ಹತ್ತಿರವೇ.

ಒಂದು ಮಧ್ಯಾಹ್ನ ಕರೆಂಟ್ ಹೋಯಿತು. ಹಾಡಲು ಬಂದಿದ್ದ ಆ ಟ್ರ್ಯಾಕ್ಟರ್ ಡ್ರೈವರ್ ಕಾಯುತ್ತ ಎದುರಿನ ಕಟ್ಟೆಯ ಮೇಲೆ ಕೂತ. ಚಾಚಾ ಅವನನ್ನು ಒಳಗೆ ಕರೆದು, ಹಾಡಿಸಿ, ತಮ್ಮ ಫೋನಿನಲ್ಲೇ ತುಂಬಿಕೊಂಡರು. ಸಂಜೆ ನನಗೂ ಕೇಳಿಸಿದರು. ಸುಡುಗಾಡು, ಎಷ್ಟು ಚೊಕ್ಕ ಬಂದಿತ್ತು ಅಂತೀರಿ! ಅವತ್ತಿನಿಂದ ಒಬ್ಬೊಬ್ಬರೇ ರಸ್ತೆ ದಾಟತೊಡಗಿದರು. ಚಾಚಾಗೆ ಇದು ದಂಧೆಯಲ್ಲ, ಹುಚ್ಚು. ಚಲೋ ಅನಿಸಿದ ಹಾಡನ್ನು ಮೆಮೊರಿ ಕಾರ್ಡಿಗೆ ಹಾಕಿ, ಊರೂರಿಗೆ ಮಂದಿಯನ್ನು ಒಯ್ಯುವ ಟಂಟಂ ಗಾಡಿಯವರ ಕೈಗೆ ಕೊಡುತ್ತಿದ್ದರು. ಎರಡೇ ದಿನದಲ್ಲಿ ಅದು ಹಾನಗಲ್ಲಿಗೂ ಶಿಗ್ಗಾಂವಿಗೂ ಮುಟ್ಟಿರುತ್ತಿತ್ತು.

ಅವರದೊಂದು ನೇಮ ಇತ್ತು. ಹಾಡುವವರು ಮೊದಲು ತಮ್ಮ ಹೆಸರು ಹೇಳಬೇಕು, ಊರು ಹೇಳಬೇಕು, ಆಮೇಲೆ ಹಾಡಬೇಕು. ಯಾಕೆ ಎಂದು ಒಮ್ಮೆ ಕೇಳಿದ್ದೆ.

"ನನ್ನ ತಲಿಯೊಳಗ ಹೆಸರು ನಿಲ್ಲೂದಿಲ್ಲ ತಮ್ಮಾ, ವಯಸ್ಸಾತು. ಹಾಡು ಊರೂರು ತಿರಗತೈತಿ. ತನ್ನ ಮನಿ ಯಾವ್ದಂತ ಅದಕ್ಕರ ಗೊತ್ತಿರಬೇಕಲ್ಲಾ."

ಹೊಸ ಹಾಡು ಬಂದಾಗಲೆಲ್ಲ ರಸ್ತೆಯ ಆ ಕಡೆಯಿಂದ ನನಗೊಂದು ಕೂಗು ಬರುತ್ತಿತ್ತು. "ತಮ್ಮಾ, ಬಾರೋ, ಹೊಸಾ ಮಾಲ್ ಬಂದೈತಿ!" ಹೋಗುತ್ತಿದ್ದೆ. ಗಾದಿಗೆ ಒರಗಿ ಕೂತು ಇಬ್ಬರೂ ಕೇಳುತ್ತಿದ್ದೆವು. ಅವರು ಕಣ್ಣು ಮುಚ್ಚಿ ಕೇಳುತ್ತಿದ್ದರು, ನಾನು ಅವರ ಮುಖ ನೋಡುತ್ತ ಕೇಳುತ್ತಿದ್ದೆ. ಅವರ ಹುಬ್ಬು ಎಲ್ಲಿ ಏರುತ್ತಿತ್ತೋ ಅಲ್ಲಿಯೇ ಹಾಡಿನ ಜೀವ ಇರುತ್ತಿತ್ತು. ಅದು ನನಗೆ ತಿಳಿಯುತ್ತಿದ್ದದ್ದು ಅವರ ಹುಬ್ಬು ಏರಿದ ಮೇಲೆ. ಮುಚ್ಚಿಡುವುದೇನು, ನನಗೆ ಹೊಟ್ಟೆಕಿಚ್ಚು. ಮೈಕ್ ನನ್ನದು, ಕಂಪ್ಯೂಟರ್ ನನ್ನದು, ಕಿವಿ ಮಾತ್ರ ಆ ಗಾದಿ ಹೊಲಿಯುವ ಮನುಷ್ಯನಿಗೆ! ನಾನೂ ಒಬ್ಬ ಹಾಡುಗಾರನನ್ನು ಹುಡುಕಬೇಕು, ಎಲ್ಲರೂ 'ಇವನೇ ತಂದದ್ದು' ಅನ್ನಬೇಕು... ಆಗ ನನಗೆ ಬೇಕಾಗಿದ್ದದ್ದು ಅದೊಂದೇ.

ತಿಳವಳ್ಳಿ ಕಡೆಯ ಹೆಣ್ಣುಮಗಳೊಬ್ಬಳು ಬಂದದ್ದು ಆ ದಿನಗಳಲ್ಲಿ. ಬೀಜದ ಪ್ಲಾಟುಗಳಲ್ಲಿ ಕ್ರಾಸಿಂಗ್ ಕೆಲಸ ಮಾಡುವವಳು. ಗಂಡು ಹೂವಿನ ಪುಡಿಯನ್ನು ಹೆಣ್ಣು ಹೂವಿಗೆ ಕೈಯಿಂದ ಮುಟ್ಟಿಸಿ, ಗುರುತಿಗೆ ದಾರ ಕಟ್ಟುವ ಕೆಲಸ. ಸವಣೂರಿಗೆ ಅಕ್ಕನ ಮನೆಗೆ ಬಂದಿದ್ದಳಂತೆ. ಮೊದಲು ಬಂದದ್ದು ನನ್ನ ಅಂಗಡಿಗೇ. ನಾನು ವೈರು ಸುತ್ತುತ್ತಿದ್ದೆ.

"ತಿಳವಳ್ಳಿ ಕಡಿಂದ ಬಂದೇನ್ರಿ. ನಾನ ಕಟ್ಟಿದ್ದು ಒಂದು ಹಾಡೈತ್ರಿ," ಅಂದಳು.

ನಾನು ತಲೆ ಕೂಡ ಎತ್ತಲಿಲ್ಲ. "ನೀ ಕಟ್ಟಿದ್ದು ಯಾರು ಕೇಳ್ತಾರವ್ವಾ? ಸಿನಿಮಾದ್ದು ಯಾವುದರ ಬರತೈತೇನು?"

ಅವಳು ಸೆರಗು ಸರಿಮಾಡಿಕೊಂಡು ರಸ್ತೆ ದಾಟಿದಳು. ಅರ್ಧ ಗಂಟೆಯಲ್ಲಿ ಆ ಕಡೆಯಿಂದ ಕೂಗು ಬಂತು. ನಾನು ಹೋಗುವಷ್ಟರಲ್ಲಿ ಅವಳು ಅಕ್ಕನ ಮನೆಗೆ ಹೊರಟುಹೋಗಿದ್ದಳು. ಚಾಚಾ ಫೋನನ್ನು ಗಾದಿಯ ಮೇಲಿಟ್ಟು ಹಾಡು ಹಚ್ಚಿದರು.

ವಾದ್ಯವಿಲ್ಲ, ತಾಳವಿಲ್ಲ, ಬರೀ ದನಿ. ದಿನವೆಲ್ಲ ಹೂವು ಹೂವಿಗೂ ಲಗ್ನ ಮಾಡಿ ದಾರ ಕಟ್ಟಿದೆ, ಕಾಯಿ ಬಿಡುವ ಹೊತ್ತಿಗೆ ನಾನು ಬೇರೆಯವರ ಹೊಲದಲ್ಲಿರುತ್ತೇನೆ, ಬೀಜವೇ, ನಿನ್ನ ಅವ್ವ ಯಾರೆಂದು ನಿನಗೆ ಯಾರು ಹೇಳುತ್ತಾರೆ... ಹೀಗೆ ಏನೋ ಇತ್ತು. ಚಾಚಾನ ಹುಬ್ಬು ಏರಿದ್ದು ಇಳಿಯಲೇ ಇಲ್ಲ. ಮುಗಿದ ಮೇಲೆ ಅವರು ಕೆಮ್ಮಲೂ ಇಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು. ನನ್ನ ಬಾಗಿಲಿಗೆ ಬಂದಿದ್ದವಳು! ನಾನೇ ಕಳಿಸಿದ್ದೆ!

"ಚಾಚಾ, ಕಾರ್ಡ್ ಕೊಡ್ರಿ. ಕಂಪ್ಯೂಟರಿನಾಗ ಹಾಕಿ ಸ್ವಚ್ಛ ಮಾಡಿ ಕೊಡ್ತೇನಿ," ಅಂದೆ.

ಫೋನಿನಿಂದ ಕಾರ್ಡು ತೆಗೆದು ಕೊಟ್ಟರು. ಕೊಡುವಾಗ ಒಂದು ಮಾತೂ ಕೇಳಲಿಲ್ಲ.

ನಮ್ಮ ಕಡೆಯ ಅಂಗಡಿಯವರಿಗೆಲ್ಲ ಆಗ ಒಂದು ಚಟ ಇತ್ತು. ಯಾವ ಹಾಡು ಕೈಗೆ ಸಿಕ್ಕರೂ ಅದರ ತಲೆಗೆ ನಮ್ಮ ಅಂಗಡಿಯ ಹೆಸರನ್ನು ಕೂಗಿ ಸೇರಿಸುವುದು. ಯಾರೋ ಎಲ್ಲೋ ಹಾಡಿದ್ದರೂ ನಮ್ಮ ಕೂಗು ಮೊದಲು ಕೇಳಬೇಕು. ನಾನು ಮಾಡಿದ್ದೂ ಅದೇ. ಅವಳು ಹೆಸರು, ಊರು ಹೇಳಿದ್ದ ನಾಲ್ಕು ಸೆಕೆಂಡನ್ನು ಕತ್ತರಿಸಿ, ಆ ಜಾಗಕ್ಕೆ ನನ್ನ ಅಂಗಡಿಯ ಹೆಸರನ್ನು ಮಾರ್ದನಿ ಹಾಕಿ ಗಂಟಲು ಹರಿಯುವಂತೆ ಕೂಗಿ ಕೂಡಿಸಿದೆ. ಅದರ ಮೇಲೇ ಸೇವ್ ಮಾಡಿದೆ. ಕಾರ್ಡಿನಲ್ಲಿದ್ದ ಮೂಲವನ್ನೂ ಅಳಿಸಿದೆ. ಚಾಚಾಗಿಂತ ಮೊದಲು ನಾನೇ ಟಂಟಂನವರಿಗೆಲ್ಲ ಹಂಚಿಬಿಟ್ಟೆ.

ಮರುದಿನ ಕಾರ್ಡು ವಾಪಸು ಕೊಟ್ಟೆ. ಚಾಚಾ ಹಚ್ಚಿ ಕೇಳಿದರು. ನನ್ನ ಕೂಗು ಬಂತು. ಫೋನನ್ನೇ ನೋಡುತ್ತ ಕೂತರು.

"ತಮ್ಮಾ, ಆ ಹೆಣ್ಮಗಳ ಹೆಸರು ಎಲ್ಲಿ ಹೋತು?"

"ಅಲ್ಲಿ ಗದ್ದಲ ಇತ್ತ್ರಿ ಚಾಚಾ, ಅದಕ್ಕ ತಗದೆ."

"ನನ್ನ ಖೋಲಿಯೊಳಗ ಗದ್ದಲಾ?" ಅಂದರು. ಎದ್ದು ಹತ್ತಿ ತುಂಬಲು ಹೋದರು.

ಹಾಡು ಹಬ್ಬಿತು. ಸುತ್ತಲಿನ ನಾಲ್ಕೂ ತಾಲ್ಲೂಕಿನಲ್ಲಿ ಅದೇ ಹಾಡು. ಶಿಗ್ಗಾಂವಿ ಬಸ್ ಸ್ಟ್ಯಾಂಡಿನಲ್ಲಿ ಚಹಾ ಕುಡಿಯುತ್ತ ನಿಂತರೆ ನನ್ನದೇ ಕೂಗು ಕೇಳಿ ಎದೆ ಉಬ್ಬುತ್ತಿತ್ತು. ತಿಂಗಳು ಕಳೆದ ಮೇಲೆ ಧಾರವಾಡದ ಕಡೆಯಿಂದ ಇಬ್ಬರು ಬಂದರು. ಊರೂರಿನ ಹೊಸ ಹಾಡುಗಾರರನ್ನು ಕರೆದು ವೇದಿಕೆ ಮೇಲೆ ಹಾಡಿಸುವವರು. ಟಂಟಂನಲ್ಲಿ ಹಾಡು ಕೇಳಿ ನನ್ನ ಹೆಸರು ಹಿಡಿದುಕೊಂಡು ಸೀದಾ ನನ್ನ ಅಂಗಡಿಗೇ ಬಂದಿದ್ದರು. ಹಾಡಿದವರ ಹೆಸರೇನು, ಎಲ್ಲಿ ಸಿಗುತ್ತಾರೆ ಎಂದು ಕೇಳಿದರು. ನನಗೆ ಹೆಸರು ನೆನಪಿರಲಿಲ್ಲ. ರಸ್ತೆ ದಾಟಿ ಚಾಚಾನನ್ನು ಕೇಳಿದರೆ ಅವರಿಗೂ ನೆನಪಿಲ್ಲ. ಅಕ್ಕನ ಮನೆ ಯಾವ ಓಣಿಯಲ್ಲಿ ಎಂದು ಇಬ್ಬರೂ ಕೇಳಿಕೊಂಡಿರಲಿಲ್ಲ. ಬಂದವರು ಫೋನ್ ನಂಬರ್ ಕೊಟ್ಟು ಹೋದರು.

ಆಮೇಲೆ ಚಾಚಾ ಹುಡುಕತೊಡಗಿದರು. ವಾರಕ್ಕೊಮ್ಮೆ ಅಂಗಡಿ ಮುಚ್ಚಿ ಬಸ್ಸು ಹತ್ತಿ ತಿಳವಳ್ಳಿ ಕಡೆ ಹೋಗುತ್ತಿದ್ದರು. ಸುತ್ತಲಿನ ಹಳ್ಳಿಗಳ ಕಟ್ಟೆ ಕಟ್ಟೆಗೆ ಕೂತು ಫೋನಿನಲ್ಲಿ ಹಾಡು ಹಚ್ಚಿ, ಈ ದನಿ ಯಾರದೆಂದು ಕೇಳುತ್ತಿದ್ದರು. ಅವರ ಹತ್ತಿರ ಉಳಿದಿದ್ದದ್ದು ನಾನು ಕೆಡಿಸಿದ ಹಾಡು ಮಾತ್ರ. ಪ್ರತಿ ಸಲವೂ ಮೊದಲು ನನ್ನ ಕೂಗು, ಆಮೇಲೆ ಅವಳ ದನಿ. ಕ್ರಾಸಿಂಗ್ ಸುಗ್ಗಿಯಲ್ಲಿ ಹೆಣ್ಣುಮಕ್ಕಳನ್ನು ಗಾಡಿ ತುಂಬಿ ಎಲ್ಲೆಲ್ಲಿಗೋ ಕರೆದೊಯ್ಯುತ್ತಾರೆ. ಯಾರು ಯಾವ ಪ್ಲಾಟಿನಲ್ಲಿದ್ದಾರೋ ಯಾರಿಗೆ ಗೊತ್ತು.

ಐದನೆಯದೋ ಆರನೆಯದೋ ಸಲ ವಾಪಸು ಬಂದವರು ನನ್ನ ಅಂಗಡಿಯ ಮೆಟ್ಟಿಲ ಮೇಲೆ ಕೂತರು. ಚಹಾ ತರಿಸಿದೆ. ಬಹಳ ಹೊತ್ತು ಕೆಮ್ಮಿದರು.

"ಎಲ್ಲಾರೂ ನಿನ್ನ ಹೆಸರ ಹೇಳ್ತಾರಪಾ," ಅಂದರು. "ಇದು ಸವಣೂರ ಮೈಕ್ ಅಂಗಡಿಯವರ ಹಾಡ್ರಿ, ಇಲ್ಲ್ಯಾಕ ಕೇಳಾಕತ್ತೀರಿ ಅಂತಾರ."

ಆ ಮಾತಿಗೆ ನನ್ನ ತಲೆ ತಗ್ಗಬೇಕಿತ್ತು. ಸುಳ್ಳು ಯಾಕೆ ಹೇಳಲಿ... ತಿಳವಳ್ಳಿವರೆಗೂ ನನ್ನ ಹೆಸರು ಮುಟ್ಟಿತಲ್ಲ ಎಂದು ಒಳಗೊಳಗೇ ಹಿಗ್ಗಿದೆ. ನಾಚಿಕೆ ಬಂದದ್ದು ಆಮೇಲೆ, ಅವರು ಚಹಾದ ಕಪ್ಪನ್ನು ಹಾಗೆಯೇ ಬಿಟ್ಟು ಎದ್ದು ಹೋದ ಮೇಲೆ.

ಅವರು ನನ್ನನ್ನು ಬೈಯಲಿಲ್ಲ. ಕಂಡಾಗ ಮಾತಾಡಿಸುತ್ತಿದ್ದರು. ಅದೇ ವರ್ಷ ನನ್ನ ಲಗ್ನಕ್ಕೆ ಈ ಗಾದಿಯನ್ನೂ ಮಾಡಿಕೊಟ್ಟರು. ಆದರೆ 'ಹೊಸಾ ಮಾಲ್ ಬಂದೈತಿ' ಎಂಬ ಕೂಗು ಮತ್ತೆಂದೂ ಬರಲಿಲ್ಲ. ಯಾರೋ ಬಂದು ಹಾಡುತ್ತಿದ್ದರು. ಟಂಟಂನ ಡ್ರೈವರ್ ಒಬ್ಬ ನನ್ನ ಜಾಗದಲ್ಲಿ ಗಾದಿಗೆ ಒರಗಿ ಕೂತು ಕೇಳುತ್ತಿದ್ದ. ನಾನು ರಸ್ತೆಯ ಈ ಕಡೆ ವೈರು ಸುತ್ತುತ್ತ, ಆ ಕೋಣೆಯ ಬಾಗಿಲು ಮುಚ್ಚುವುದನ್ನು ನೋಡುತ್ತಿದ್ದೆ. ಚಾಚಾನ ಕಿವಿಯ ಮೇಲಿದ್ದ ಹೊಟ್ಟೆಕಿಚ್ಚು ಎಂದೋ ಆರಿತು. ಆ ಡ್ರೈವರನ ಮೇಲಿನದು ಇವತ್ತಿಗೂ ಆರಿಲ್ಲ.

ಫೋನುಗಳಿಗೆ ನೆಟ್ ಬಂತು, ಮೆಮೊರಿ ಕಾರ್ಡಿನ ಕಾಲ ಮುಗಿಯಿತು. ಜನ ಫೋಮಿನ ಗಾದಿಗೆ ತಿರುಗಿದರು. ಚಾಚಾನ ಕೆಮ್ಮು ಹೆಚ್ಚಾಯಿತು. ಅವರು ತೀರಿಕೊಂಡ ದಿನ ನಾನು ಹಾನಗಲ್ಲಿನಲ್ಲಿ ಒಂದು ಲಗ್ನಕ್ಕೆ ಮೈಕ್ ಹಚ್ಚುತ್ತಿದ್ದೆ. ಸುದ್ದಿ ಮುಟ್ಟುವಷ್ಟರಲ್ಲಿ ಮಣ್ಣು ಮುಗಿದಿತ್ತು. ಆ ಕೋಣೆಯಲ್ಲಿ ಈಗ ಮೊಬೈಲಿನ ಕವರುಗಳನ್ನು ತೂಗುಹಾಕಿದ್ದಾರೆ.

ಹೋದ ವಾರ ಆ ಮಷಿನ್ನಿನವನು ಹತ್ತಿಯನ್ನು ಕೈಯಲ್ಲಿ ಹಿಡಿದು ನೋಡಿ, "ಚಲೋ ಹತ್ತಿರಿ, ಇನ್ನೂ ಇಪ್ಪತ್ತು ವರ್ಷ ಬರತೈತಿ," ಅಂದ. ಕೆಲಸಕ್ಕೆ ಮೊದಲು ಫೋನಿನಲ್ಲಿ ಹಾಡು ಹಚ್ಚಿ ಕಟ್ಟೆಯ ಮೇಲಿಟ್ಟ. ಎರಡು ಹಾಡು ಆದವು. ಮೂರನೆಯದಕ್ಕೆ ಒಬ್ಬ ಹುಡುಗ ಗಂಟಲು ಹರಿಯುವಂತೆ ನನ್ನ ಅಂಗಡಿಯ ಹೆಸರು ಕೂಗಿದ. ನನ್ನ ಹೆಂಡತಿ ತಟ್ಟನೆ ನನ್ನ ಮುಖ ನೋಡಿದಳು. ಕೂಗಿನ ಹಿಂದೆಯೇ ಆ ತಿಳವಳ್ಳಿಯವಳ ದನಿ ಬಂತು... ಬೀಜವೇ, ನಿನ್ನ ಅವ್ವ ಯಾರೆಂದು...

"ಹಳೀ ಹಾಡ್ರಿ. ಯಾರು ಹಾಡ್ಯಾರೋ, ಭಾಳ ಚಂದ ಹಾಡ್ಯಾರ," ಅಂದ ಮಷಿನ್ನಿನವನು. "ಕೂಗಿನೊಳಗ ಸವಣೂರ ಅಂತೈತಿ. ನೀವು ಸವಣೂರಿನವರಲ್ಲಾ, ನಿಮಗ ಗೊತ್ತೇನ್ರಿ?"

ಆ ನಾಲ್ಕು ಸೆಕೆಂಡುಗಳನ್ನು ನಾನು ಅವತ್ತು ಹತ್ತು ಸಲವಾದರೂ ಹಿಂದೆ ಮುಂದೆ ಮಾಡಿ ಕೇಳಿದ್ದೆ. ಅವಳು ಉಸಿರು ಎಳೆದುಕೊಂಡದ್ದು ನೆನಪಿದೆ. ಊರು ಹೇಳಿ ಮುಗಿಸಿದ ಮೇಲೆ ಚಾಚಾ ಮೆಲ್ಲಗೆ "ಹೂಂ" ಅಂದದ್ದೂ ನೆನಪಿದೆ. ನಡುವೆ ಅವಳು ಹೇಳಿದ್ದು ಮಾತ್ರ ಎಷ್ಟು ತಿಣುಕಿದರೂ ಬರಲಿಲ್ಲ. ಎಲ್ಲಿಂದ ಎಲ್ಲಿಯವರೆಗೆ ಕತ್ತರಿಸಬೇಕು ಎಂದು ನೋಡುವುದಕ್ಕಷ್ಟೇ ನಾನು ಅದನ್ನು ಕೇಳಿದ್ದೆ.

"ಇಲ್ಲಪಾ, ಗೊತ್ತಿಲ್ಲ," ಅಂದೆ. ಅವನು ಮಷಿನ್ ಚಾಲೂ ಮಾಡಿದ.