ಎಡಗೈಗೆ ಏನು ಕೆಲಸ

"ಎಡಗೈಯಲ್ಲಿ ಏನೇನು ಕೆಲಸ ಮಾಡ್ತೀರಿ?" ಎಂದು ದಾವಣಗೆರೆಯ ಡಾಕ್ಟರು ಕೇಳಿದಾಗ "ಏನೂ ಇಲ್ರೀ, ಎಲ್ಲಾ ಬಲಗೈಯಾಗ" ಅಂದುಬಿಟ್ಟೆ. ಇಪ್ಪತ್ತು ವರ್ಷ ಕೊಟ್ಟೂರಿನಲ್ಲಿ ಹೆಂಗಸರ ಜಂಪರು ಹೊಲಿದವಳು ಆಡುವ ಮಾತಲ್ಲ ಅದು. ಆದರೆ ಆಸ್ಪತ್ರೆಯ ಕುರ್ಚಿಯಲ್ಲಿ ಕೂತರೆ ನನಗೆ ಶಾಲೆ ಹುಡುಗಿಯ ಬುದ್ಧಿ ಬರುತ್ತದೆ. ಕೇಳಿದ್ದಕ್ಕೆ ಬೇಗ ಉತ್ತರ ಕೊಟ್ಟು ಮುಗಿಸಬೇಕು ಅನಿಸುತ್ತದೆ.

ಆಗ ನನಗೆ ನಲವತ್ನಾಲ್ಕು. ಎರಡು ಸಾವಿರದ ಇಸವಿ ದಾಟಿ ಎರಡು ಮೂರು ವರ್ಷವಾಗಿತ್ತು. ನಮ್ಮ ಮನೆತನದಲ್ಲಿ ಮೊಬೈಲು ಇದ್ದದ್ದು ಭಾವನ, ಅಂದರೆ ಗಂಡನ ಅಣ್ಣನ ಜೇಬಿನಲ್ಲಿ ಮಾತ್ರ. ಅವರು ಹರಪನಹಳ್ಳಿಯಲ್ಲಿ ಹೆಡ್‌ಮಾಸ್ತರು. ಕಿರಾಣಿ ಅಂಗಡಿ ನಡೆಸುತ್ತಿದ್ದ ನನ್ನ ಗಂಡ ಬೇಳೆಯ ದರವನ್ನು ಬಿಟ್ಟು ಉಳಿದದ್ದನ್ನೆಲ್ಲ ಅಣ್ಣನನ್ನು ಕೇಳಿಯೇ ಮಾಡುತ್ತಿದ್ದರು.

ಅದಕ್ಕೂ ಮೂರು ವಾರದ ಹಿಂದೆ ನನ್ನ ಎಡ ಮೊಲೆ ತೆಗೆದಿದ್ದರು. ಮೊದಲೇ ಡಾಕ್ಟರು ಗಂಡ, ಭಾವ ಇಬ್ಬರನ್ನೂ ಕೂರಿಸಿಕೊಂಡು ಎಲ್ಲ ಬಿಡಿಸಿ ಹೇಳಿದ್ದರಂತೆ. "ಆಕಿಗೆ ನಾವು ಹೇಳ್ತೀವಿ" ಎಂದು ಒಪ್ಪಿಕೊಂಡು ಬಂದವರು ನನಗೆ ಹೇಳಿದ್ದು "ಗಂಟು ತೆಗೀತಾರ" ಎಂದಷ್ಟೇ. ಭಾವ ಬೆರಳಿಟ್ಟ ಕಡೆ ಸಹಿ ಹಾಕಿದೆ. ಎಚ್ಚರವಾದಾಗ ಎದೆಯ ಒಂದು ಕಡೆ ಬರೀ ಬ್ಯಾಂಡೇಜು. "ಹೇಳಿದ್ರ ನೀ ಬರ್ತಿದ್ದಿಲ್ಲ" ಅಂದರು ಗಂಡ. ಅದು ನಿಜ. ನಿಜವಾದದ್ದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂತು.

ಆ ಆಪರೇಷನ್ನಿನಲ್ಲಿ ಕಂಕುಳಿನಿಂದ ನಾಲ್ಕು ಸಣ್ಣ ಗ್ರಂಥಿಗಳನ್ನೂ ತೆಗೆದು ಪರೀಕ್ಷೆಗೆ ಕಳಿಸಿದ್ದರು. ಒಂದರಲ್ಲಿ ರೋಗ ಸಿಕ್ಕಿತು. ಈಗ ಉಳಿದ ಗ್ರಂಥಿಗಳನ್ನು ಏನು ಮಾಡುವುದು ಅನ್ನುವುದು ಪ್ರಶ್ನೆ. ಡಾಕ್ಟರು ಈ ಸಲ ನನಗೇ ಎದುರಾಗಿ ಕೂತು, ಚೀಟಿಯ ಹಿಂದೆ ಒಂದು ತೋಳಿನ ಚಿತ್ರ ಬರೆದು ಹೇಳಿದರು. ಕಂಕುಳನ್ನು ಮತ್ತೆ ತೆರೆದು ಎಲ್ಲವನ್ನೂ ತೆಗೆಯಬಹುದು. ಒಂದು ವಾರದ ಕೆಲಸ, ಎಷ್ಟರಲ್ಲಿ ರೋಗವಿತ್ತು ಅನ್ನುವುದೂ ಗೊತ್ತಾಗುತ್ತದೆ. ಆದರೆ ತೋಳಿನ ನೀರು ಇಳಿದುಹೋಗುವ ದಾರಿ ಅದೇ ಆದ್ದರಿಂದ ಕೈ ಬಾತುಕೊಳ್ಳಬಹುದು, ಬಾತರೆ ಪೂರ್ತಿ ಇಳಿಯುವುದು ಕಷ್ಟ. ಇಲ್ಲವಾದರೆ ಗ್ರಂಥಿಗಳನ್ನು ಅಲ್ಲೇ ಬಿಟ್ಟು ಹುಬ್ಬಳ್ಳಿಯಲ್ಲಿ ಐದು ವಾರ ಇದ್ದು ಕರೆಂಟು, ಅಂದರೆ ರೇಡಿಯೇಷನ್ನು, ಕೊಡಿಸಿಕೊಳ್ಳಬೇಕು. ಕೈ ಬಾಯುವುದು ಅದರಲ್ಲಿ ಕಡಿಮೆ, ಇಲ್ಲವೇ ಇಲ್ಲ ಎಂದಲ್ಲ. ಕೀಮೋ ಇಂಜೆಕ್ಷನ್ನು ಎರಡರಲ್ಲೂ ಇದ್ದದ್ದೇ. "ನಿಮ್ಮ ವಿಷಯದಲ್ಲಿ ಎರಡೂ ಸರಿಯಾದ ದಾರಿನೇ. ಕೈ ನಿಮ್ಮದು, ಅದಕ್ಕೇ ಕೇಳ್ತಿದೀನಿ" ಅಂದರು.

ಎಡಗೈಗೆ ಕೆಲಸವಿಲ್ಲ ಎಂದು ನಾನು ಹೇಳಿದ ಮೇಲೆ ಭಾವ "ಹಂಗಾರ ತೆಗೆದ್ಬಿಡ್ರಿ ಸರ್" ಅಂದರು. ಡಾಕ್ಟರು ಹತ್ತು ದಿನ ಬಿಟ್ಟು ಬರಲು ಹೇಳಿದರು.

ಮನೆಗೆ ಬಂದ ಮೂರನೇ ದಿನ ಮಷೀನಿನ ಮುಂದೆ ಕೂತೆ. ಯಾರದೋ ಮಗಳ ಮದುವೆಯ ಜಂಪರು ಅರ್ಧಕ್ಕೆ ನಿಂತಿತ್ತು. ಪೆಡಲು ತುಳಿಯುವುದು ಕಾಲು. ಬಲಗೈ ಚಕ್ರವನ್ನೊಮ್ಮೆ ತಳ್ಳಿ ಬಟ್ಟೆಯ ಅಂಚು ಹಿಡಿದು ಸುಮ್ಮನಾಗುತ್ತದೆ. ಸೂಜಿಯ ಪಕ್ಕದಲ್ಲಿ ಹರಡಿ ಕೂತು, ಬಟ್ಟೆಯನ್ನು ಎಳೆದು ತಿರುಗಿಸಿ, ಕಂಕುಳಿನ ಸುತ್ತು ಸುಕ್ಕಿಲ್ಲದಂತೆ ಹೊಲಿಸುವುದು ಎಡಗೈ. ನೋವಾಗಿ ನಿಲ್ಲಿಸಿದೆ. ಆಮೇಲೆ ಎರಡು ದಿನ ಬೇರೆಯವರ ಕೈ ನೋಡುವ ಹಾಗೆ ನನ್ನ ಎಡಗೈಯನ್ನೇ ನೋಡುತ್ತ ಇದ್ದೆ. ಪಾತ್ರೆ ಹಿಡಿಯುವುದು ಅದು, ಬಲಗೈ ಬರೀ ತಿಕ್ಕುತ್ತದೆ. ತಲೆ ಬಾಚುವಾಗ ಕೂದಲಿನ ಬುಡ ಹಿಡಿಯುವುದು ಅದು. ಹಿತ್ತಲಿಗೆ ಹೋಗಿ ಬಂದಾಗಿನ ಕೆಲಸವಂತೂ ಅದರದ್ದೇ. ಇಷ್ಟೆಲ್ಲ ಮಾಡಿಸಿಕೊಂಡು, ಯಾರೋ ಕೇಳಿದರೆ ಕೆಲಸವೇ ಇಲ್ಲ ಅಂದಿದ್ದೆ. ನನ್ನ ಮೇಲೆ ನನಗೇ ಅಸಹ್ಯವಾಯಿತು.

ಭಾನುವಾರ ಭಾವ ಬಂದಾಗ ಹೇಳಿದೆ. "ಆಪರೇಷನ್ ಬ್ಯಾಡ ಅನಸ್ತೈತ್ರಿ. ಕೈ ಬಾತ್ರ ಹೊಲಿಯಾಕ ಬರಂಗಿಲ್ಲ."

"ಹೊಲಿಯಾದು ಬಿಡು. ನಿನ್ನ ಹೊಲಿಗಿ ಮ್ಯಾಲೆ ಮನಿ ನಿಂತೈತೇನು?" ಅಂದರು. ಗಂಡ ತಲೆಯಾಡಿಸಿದರು. ಇಬ್ಬರೂ ಕೆಟ್ಟವರಲ್ಲ. ನಾನು ಸಾಯಬಾರದು ಎಂದು ಇಬ್ಬರಿಗೂ ಇತ್ತು, ಅದರ ಮುಂದೆ ಜಂಪರು ಯಾವ ಲೆಕ್ಕ?

ಆಗ ನನ್ನ ಬಾಯಿಂದ ಬಂತು: "ಮತ್ತ ಲಿಂಗ ಯಾವ ಕೈಯಾಗ ಹಿಡೀಲ್ರಿ?"

ನಮ್ಮಲ್ಲಿ ಹುಟ್ಟುತ್ತಲೇ ಕೊರಳಿಗೆ ಲಿಂಗ ಕಟ್ಟುತ್ತಾರೆ. ದಿನಾ ಜಳಕವಾದ ಮೇಲೆ ಅದನ್ನು ಎಡ ಅಂಗೈಯಲ್ಲಿಟ್ಟುಕೊಂಡು, ಎದೆಯ ಮಟ್ಟಕ್ಕೆ ಹಿಡಿದು ಪೂಜೆ ಮಾಡಬೇಕು. ಬೇರೆಯವರು ದೇವರ ಹತ್ತಿರವೂ ತರದ ಕೈಯೇ ನಮಗೆ ದೇವರ ಪೀಠ. ನಾನು ಹೇಳಿದ್ದೇ ತಡ, ಭಾವ ಚಹಾದ ಬಸಿ ಕೆಳಗಿಟ್ಟರು. ಗಂಡ ಅಣ್ಣನ ಮುಖ ನೋಡಿದರು. "ಅದೂ ಖರೇನ" ಅಂದರು ಭಾವ. ಹೊಲಿಗೆಗೆ ಸಿಗದ ಮರ್ಯಾದೆ ಒಂದೇ ಗಳಿಗೆಯಲ್ಲಿ ಸಿಕ್ಕಿತು. ಊಟ ಮಾಡಿ ಹೊರಡುವಾಗ "ಹುಬ್ಬಳ್ಳ್ಯಾಗ ಇರಾಕ ಒಂದು ಖೋಲಿ ನೋಡಾನ" ಎಂದೂ ಹೇಳಿದರು. ನನಗೆ ಗೆದ್ದ ಖುಷಿ. ಮುಚ್ಚಿಡುವುದೇನು, ಒಳಗೊಳಗೇ ನಕ್ಕೆ.

ಅತ್ತೆ ಎಲ್ಲ ಕೇಳಿಸಿಕೊಂಡಿದ್ದರು. ಅವರದು ಒಂದು ತಾಸಿನ ಪೂಜೆ, ಅದು ಮುಗಿಯದೆ ಗುಟುಕು ನೀರೂ ಮುಟ್ಟುವುದಿಲ್ಲ. ಮಧ್ಯಾಹ್ನ ಪಡಸಾಲೆಯಲ್ಲಿ ತೊಗರಿ ಹಸನು ಮಾಡುತ್ತ ಕೂತಿದ್ದಾಗ ನನ್ನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡರು.

"ನಿನ್ನ ಪೂಜಿ ಹಾಲು ಉಕ್ಕೂತನ. ನನಗ ಗೊತ್ತಿಲ್ಲೇನು?" ಅಂದರು.

ನಾನೂ ಮೊರಕ್ಕೆ ಕೈ ಹಾಕಿ ಕಾಳು ಆರಿಸತೊಡಗಿದೆ.

"ಬಾತ ಕೈಯಾಗೂ ಲಿಂಗ ಕುಂದರ್ತೈತಿ. ನಮ್ಮವ್ವ ಕೈ ನಡುಗಾಕ ಹತ್ತಿದ ಮ್ಯಾಲೆ ಕಟ್ಟಿಗಿ ಮಣಿ ಮ್ಯಾಲೆ ಇಟ್ಟು ಪೂಜಿ ಮಾಡಿದ್ಲು. ಯಾವ ದೇವ್ರೂ ಸಿಟ್ಟಾಗಲಿಲ್ಲ." ಮೊರದಿಂದ ಒಂದು ಕಲ್ಲು ಆರಿಸಿ ಬದಿಗಿಟ್ಟರು. "ಇದರಾಗ ದೇವ್ರನ್ನ ಯಾಕ ತರ್ತಿ? ನಾಳಿ ಏನರ ಆತಂದ್ರ, ಲಿಂಗದ ಸಲುವಾಗಿ ಜೀವ ಕಳಕೊಂಡ್ಳು ಅಂತಾರ ಮಂದಿ. ಆ ಮಾತು ದೇವ್ರಿಗೆ ಯಾಕ ಬರಬೇಕು? 'ನನಗ ಬ್ಯಾಡ' ಅನ್ನಾಕ ನಿನಗ ಬಾಯಿ ಇಲ್ಲೇನು?"

"ನಾ ಅಂದ್ರ ಯಾರು ಕೇಳ್ತಾರ ಅತ್ತಿ?"

"ಕೇಳ್ಲಿ ಬಿಡ್ಲಿ. ನೀ ಅನ್ನು."

ಸಿಟ್ಟು ಬಂತು. ಕಳ್ಳತನ ಸಿಕ್ಕಿಬಿದ್ದಾಗ ಬರುವ ಸಿಟ್ಟು ಅದು. ಅವರೇನೂ ನನ್ನ ಪಕ್ಷ ವಹಿಸಲಿಲ್ಲ. ತಮ್ಮ ದೇವರ ಪಕ್ಷ ವಹಿಸಿದ್ದರು. ನಾನು ಯಾವುದನ್ನು ಆರಿಸಿಕೊಳ್ಳಬೇಕು ಎಂದು ಅವರು ಆಗಲೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ.

ಹತ್ತನೇ ದಿನ ದಾವಣಗೆರೆಗೆ ಹೋದೆವು. ಡಾಕ್ಟರು ಫೈಲು ತೆರೆಯುತ್ತಿದ್ದಂತೆ ಗಂಡ "ಸರ್, ನಮ್ಮ ಕಡೆ ಪೂಜಿ ವಿಷಯ ಒಂದು ಐತ್ರಿ..." ಎಂದು ಶುರು ಮಾಡಿದರು. ಭಾವ ಗಂಟಲು ಸರಿಮಾಡಿಕೊಂಡರು.

"ಪೂಜಿ ಅಲ್ರಿ" ಅಂದೆ. ನನ್ನ ದನಿ ಬೇಕಾದದ್ದಕ್ಕಿಂತ ಜೋರಾಗಿತ್ತು, ಬಾಗಿಲ ಬಳಿಯ ನರ್ಸು ತಿರುಗಿ ನೋಡಿದಳು. "ಅವತ್ತು ಸುಳ್ಳು ಹೇಳಿದ್ನಿ. ಈ ಕೈಲೆ ಬಾಳ ಕೆಲಸ ಐತಿ. ನನಗ ಆಪರೇಷನ್ ಬ್ಯಾಡ. ಕರೆಂಟು ಕೊಡಸ್ಕೊಂತೀನಿ."

ಗಂಡನಿಗೆ ಅರ್ಥವಾಗಲಿಲ್ಲ. ಸುಲಭವಾಗಿ ಸಿಕ್ಕ ಒಪ್ಪಿಗೆಯನ್ನು ಇವಳು ಯಾಕೆ ಕೆಡಿಸುತ್ತಿದ್ದಾಳೆ ಅನ್ನುವಂತೆ ನೋಡಿದರು. ಡಾಕ್ಟರು ಮಾತ್ರ ನನ್ನನ್ನೇ ನೋಡಿ, "ಆಗಲಿ. ಆದರೆ ರೋಗ ತಿರುಗಿ ಬರೋದೇ ಇಲ್ಲ ಅಂತ ನಾನು ಹೇಳಕ್ಕಾಗಲ್ಲ. ಅದು ಆಪರೇಷನ್ ಮಾಡಿಸಿದ್ರೂ ಹೇಳಕ್ಕಾಗಲ್ಲ" ಅಂದರು. ಸಹಿ ಹಾಕಬೇಕಾದ ಕಾಗದವನ್ನು ಓದಿ ಹೇಳಿ ಅಂದೆ. ಒಂದೊಂದೇ ಸಾಲು ಕನ್ನಡದಲ್ಲಿ ಹೇಳಿದರು. ಸಹಿ ಹಾಕಿದೆ.

ಹೊರಗೆ ಬಂದ ಮೇಲೆ ಎದೆಯುಬ್ಬಿಸಿ ನಡೆಯುತ್ತೇನೆ ಅಂದುಕೊಂಡಿದ್ದೆ. ಹಾಗೇನೂ ಆಗಲಿಲ್ಲ. ಬಸ್ಸು ತೆಲಿಗಿ ದಾಟುವ ಹೊತ್ತಿಗೆ ಪಕ್ಕದಲ್ಲಿ ಗಂಡ ಬಾಯಿ ತೆರೆದು ನಿದ್ದೆ ಹೋಗಿದ್ದರು. ಅಷ್ಟು ದಿನ ನಾನು ಅವರನ್ನು ಬೈದಿದ್ದೆ, ಭಾವನನ್ನು ಬೈದಿದ್ದೆ, ಡಾಕ್ಟರನ್ನು, ಕೊರಳಲ್ಲಿದ್ದ ಲಿಂಗವನ್ನೂ ಬಿಟ್ಟಿರಲಿಲ್ಲ. ಬೈದು ಬೈದು ಹಗುರಾಗುತ್ತಿದ್ದೆ. ಈ ಸಲ ಏನಾದರೂ ತಪ್ಪಾದರೆ ಬೈಯುವುದಕ್ಕೆ ನನ್ನ ಹೊರತು ಯಾರೂ ಉಳಿದಿರಲಿಲ್ಲ.