ಸುಣ್ಣದಲ್ಲಿ ಬರೆದ ಬಾಗಿಲು

ಎಡಗಾಲಿನ ಚಪ್ಪಲಿಯ ಹೊಲಿಗೆಯೊಳಗೆ, ಹೆಬ್ಬೆರಳು ತಾಗುವಲ್ಲಿ, ಸುಣ್ಣದ ಒಂದು ಬಿಳಿ ಗೆರೆ ಹಾಗೆಯೇ ಉಳಿದಿದೆ. ಮೊನ್ನೆ ಸಂಜೆ ಸೊಲ್ಲಾಪುರದ ನವಿ ಪೇಠದಲ್ಲಿ ಹೊಸ ಜೋಡು ಕೊಂಡು ತಂದು, ಹಳೆಯದನ್ನು ಎಸೆಯಲು ಎತ್ತಿಕೊಂಡಾಗ ಕಂಡಿತು. ಎಸೆಯಲಿಲ್ಲ. ಎಸೆಯುವುದಕ್ಕೂ ಒಂದಿಷ್ಟು ಹುರುಪು ಬೇಕಲ್ಲ.

ನನ್ನದು ಕಟ್ಟಡಗಳ ನಕ್ಷೆ ಬರೆಯುವ ಕೆಲಸ. ನಮ್ಮ ಬಳಗದವರು ಇದನ್ನು ವಾಸ್ತು ನೋಡುವ ವಿದ್ಯೆ ಎಂದೇ ತಿಳಿದಿದ್ದಾರೆ. ಮದುವೆಗೆ ಹೋದಲ್ಲೆಲ್ಲ ಒಲೆ ಯಾವ ದಿಕ್ಕಿಗಿರಬೇಕು ಎಂದು ಕೇಳುತ್ತಾರೆ. ತಿದ್ದಿ ತಿದ್ದಿ ಸಾಕಾಗಿ ಈಗ ನಾನೂ ಯಾವುದೋ ಒಂದು ದಿಕ್ಕು ಹೇಳಿಬಿಡುತ್ತೇನೆ.

ಆ ಸುಣ್ಣ ಅಕ್ಕಲಕೋಟೆ ಕಡೆಯ ವಾಗದರಿಯ ಆಚೆಗಿನ ಒಂದು ಸಣ್ಣ ಊರಿನದು. ಅಲ್ಲಿ ಆರೋಗ್ಯ ಉಪಕೇಂದ್ರ ಕಟ್ಟುವುದಿತ್ತು. ಊರವರನ್ನು ಕೇಳಿಯೇ ನಕ್ಷೆ ಮಾಡುವುದು ನಮ್ಮ ಕಚೇರಿಯ ಕ್ರಮ. ಸಭೆ ಕರೆದರೆ ಮಾತಾಡುವವರು ಗಂಡಸರು; ಹಿಂದೆ ಕೂತ ಹೆಂಗಸರು ಏನು ಕೇಳಿದರೂ "ಛಲೋ ಐತ್ರಿ" ಅನ್ನುತ್ತಿದ್ದರು. ಅದಕ್ಕೇ ಒಂದು ಮಧ್ಯಾಹ್ನ, ಗಂಡಸರು ಹೊಲದಲ್ಲಿದ್ದಾಗ, ಬಯಲಿನಲ್ಲಿ ಸುಣ್ಣದ ಪುಡಿಯಿಂದ ಇಡೀ ಕಟ್ಟಡವನ್ನು ನಿಜದ ಅಳತೆಯಲ್ಲಿ ಬರೆದು, ಒಳಗೆ ಓಡಾಡಿ ನೋಡಿ ಎಂದೆ.

ನಕ್ಕರು. ಒಬ್ಬಳು ಇಲ್ಲದ ಗೋಡೆಗೆ ಹಣೆ ಬಡಿದುಕೊಂಡಂತೆ ನಟಿಸಿದಳು. ಆಮೇಲೆ, ಅಲ್ಲಿದ್ದ ಹಿರಿಯ ಹೆಂಗಸು ಶಾಂತಾಬಾಯಿಯವರ ಸೊಸೆ ಸವಿತಾ, ತುಂಬು ಬಸುರಿ, ತಪಾಸಣೆ ಕೋಣೆಯ ಕಡೆ ಹೊರಟಳು. ನಡುವೆ ಕಾಯುವವರ ಪಡಸಾಲೆ. ಬೆಂಚು ಇರುವಲ್ಲಿ ನಾನು ಕಲ್ಲುಗಳನ್ನು ಸಾಲಾಗಿ ಇಟ್ಟಿದ್ದೆ. ಸವಿತಾ ಅಲ್ಲಿ ನಿಂತಳು. ಕಷ್ಟಪಟ್ಟು ಬಗ್ಗಿ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದಳು. ಸೆರಗೆಳೆದುಕೊಂಡು, ಕಾದ ನೆಲದ ಮೇಲೆ ಬರಿಗಾಲಲ್ಲಿ, ಆ ಕಲ್ಲುಗಳ ಮುಂದೆ ಹಾದುಹೋದಳು. ಯಾರೂ ನಗಲಿಲ್ಲ.

ಯಾಕೆಂದು ಕೇಳಿದೆ.

"ಹಿರ್ಯಾರು ಕುಂತಲ್ಲಿ ಸೊಸಿ ಚಪ್ಲಿ ಮೆಟಗೊಂಡು ಹಾಯಂಗಿಲ್ಲ ತಂಗಿ," ಎಂದರು ಶಾಂತಾಬಾಯಿ. "ನಮ್ಮ ಮಾಲಕ್ರು, ಅಂದ್ರ ಈಕಿ ಮಾವ, ಇಲ್ಲೇ ಬಂದು ಕುಂಡ್ರತಾರ. ಅವರನ್ನ ಕಂಡ್ರ ಈಕಿ ತಪಾಸಣಿನೂ ಬ್ಯಾಡಂತ ಹೊಳ್ಳಿ ಮನಿಗಿ ಬರ್ತಾಳ." ಆಮೇಲೆ ಸೇರಿಸಿದರು: "ನಾನೂ ಹಂಗೇ ಹೊಳ್ಳಿ ಬರ್ತಿದ್ನಿ. ಒಂದು ಕೂಸು ಕಳಕೊಂಡೀನಿ."

ಸವಿತಾ ಹಿತ್ತಿಲ ಕಡೆ ಬೊಟ್ಟು ಮಾಡಿದಳು. ಪಡಸಾಲೆ ಹಾಯದೆ ನೇರ ತಪಾಸಣೆ ಕೋಣೆಗೆ ಹೋಗುವಂತೆ, ಅಲ್ಲಿ ಗೆರೆಯನ್ನು ಕಾಲಿನಿಂದಲೇ ಅಳಿಸಿ ಬಾಗಿಲು ಮಾಡಿದೆವು. ಕಟ್ಟಡ ಎದ್ದಿತು, ಆ ಬಾಗಿಲೂ ಉಳಿಯಿತು. ಅದಕ್ಕಾಗಿ ಎಷ್ಟು ಕಚೇರಿಗಳ ಮೆಟ್ಟಿಲು ಹತ್ತಿದೆ ಎಂಬುದು ಬೇಡ. ಕೇಳಿದರೆ ನಿಮಗೂ ಆಯಾಸವಾದೀತು.

ಮೊನ್ನೆ ಆ ಗೆರೆ ಕಂಡ ಮೇಲೆ, ಬಹಳ ಕಾಲದ ನಂತರ, ಶಾಂತಾಬಾಯಿಯವರಿಗೆ ಫೋನು ಮಾಡಿದೆ. ಸವಿತಾ ಈಗ ಮತ್ತೆ ಬಸುರಿ, ನಾಳೆಯೇ ತಪಾಸಣೆ ಎಂದರು.

"ಹೋಗಂಗಿಲ್ಲ ಅಂತಾಳ. ಹಿಂದಿನ ಬಾಗಲಕ ನರ್ಸಬಾಯಿ ಔಷಧದ ಖೋಕಾ, ಪೆಟಿಗಿ ಒಟ್ಟ್ಯಾರ."

ಕಟ್ಟಡ ಒಪ್ಪಿಸಿಯಾಗಿದೆ, ಇನ್ನು ಅದು ನನ್ನ ಕೆಲಸವಲ್ಲ ಎಂದುಕೊಂಡೆ. ಬಾಯಿಬಿಟ್ಟು ಹೇಳಲಿಲ್ಲ, ಅಷ್ಟೆ.

ಮರುದಿನ ಬೆಳಿಗ್ಗೆ ಹಳೆಯ ಚಪ್ಪಲಿಯನ್ನೇ ಮೆಟ್ಟಿ ಅಕ್ಕಲಕೋಟೆಯ ಬಸ್ಸು ಹಿಡಿದೆ, ಅಲ್ಲಿಂದ ಜೀಪು. ಈ ಪೆಟ್ಟಿಗೆಗಳನ್ನು ಇನ್ನೆಲ್ಲಿಡಲಿ, ಉಗ್ರಾಣ ಸಾಲುವುದಿಲ್ಲ ಎಂದರು ನರ್ಸಬಾಯಿ. ನಿಜವೇ. ಊರ ಹೆಂಗಸರು ಸುಣ್ಣದ ಮೇಲೆ ನಡೆದ ದಿನ ಅವರಿನ್ನೂ ಈ ಊರಿಗೆ ಬಂದಿರಲಿಲ್ಲ. ಆ ಬಾಗಿಲು ಯಾರಿಗಾಗಿ ಎಂದು ಹೇಳಿದೆ; ಇಬ್ಬರೂ ಸೇರಿ ಪೆಟ್ಟಿಗೆಗಳನ್ನು ಅವರ ಮೇಜಿನ ಸುತ್ತ ಒಟ್ಟಿದೆವು. ಅವರಿಗೆ ಕಾಲು ಚಾಚಲು ಜಾಗ ಉಳಿಯಲಿಲ್ಲ. ಹಿಂದಿನ ಬಾಗಿಲು ತೆರೆದರೆ ಗಾಳಿಗೆ ಮತ್ತೆ ಮತ್ತೆ ಮುಚ್ಚಿಕೊಳ್ಳುತ್ತಿತ್ತು. ಹಿತ್ತಿಲ ದಾರಿಯಿಂದ ಸವಿತಾ ನಿಧಾನವಾಗಿ ಬರುತ್ತಿದ್ದಳು. ಚಪ್ಪಲಿ ಮೆಟ್ಟಿಕೊಂಡೇ ಅವಳು ಹೊಸ್ತಿಲು ಮುಟ್ಟುವವರೆಗೆ, ನಾನು ಬಾಗಿಲು ಹಿಡಿದು ನಿಂತೆ.