ಐದು ಸೀರಿ ಲೆಕ್ಕ

ಖರೆ ಹೇಳ್ತೇನಿ, ತಪ್ಪು ನಂದ. ಸ್ವಾತಂತ್ರ್ಯ ಬಂದು ಏಳೆಂಟು ವರ್ಷ ಆಗಿತ್ತು. ಬಾಗಲಕೋಟಿಯಂವ ನಾ, ಟ್ರೇನಿಂಗ್ ಮುಗಿಸಿ ಇಳಕಲ್ಲ ಸಾಲಿಗೆ ಹೊಸದಾಗಿ ಬಂದಿದ್ದೆ. ಭಾಳ ಸೊಕ್ಕು. ಅಲ್ಲಿ ನೇಕಾರ ಮನಿತನದ ಹಿರಿ ಮಾಸ್ತರೊಬ್ರಿದ್ರು, ಅವ್ರದು ಟ್ರೇನಿಂಗ್ ಆಗಿದ್ದಿಲ್ಲ. ಶನಿವಾರ ಮುಂಜಾನಿ ಸಾಲಿ ಬಿಟ್ಟ ಮ್ಯಾಲೆ ಇಬ್ರೂ ಕೂಡಿ ಮುಂದಿನ ವಾರದ ಪಾಠ ಬರೀತಿದ್ವಿ. ಒಬ್ರು ಕಲಿಸೂದು, ಇನ್ನೊಬ್ರು ತಮ್ಮ ಹುಡುಗ್ರಿಗೆ ಕಾಪಿ ಬರ್ಯಾಕ ಹಚ್ಚಿ ಬಂದು ಹಿಂದ ಕುಂತು ನೋಡೂದು. ಒಮ್ಮೆ ನನ್ನ ಪಾಠದಾಗ ಅವ್ರು ನಡುವ ಮಾತಾಡಿದ್ರು. "ಹಿಂದ ಕುಂತಾವ್ರು ಬಾಯಿ ತೆರೀಬಾರ್ದ್ರಿ" ಅಂತ ಖಡಕ್ ಹೇಳ್ಬಿಟ್ಟೆ.

ಗುಣಾಕಾರಕ್ಕ ಸೀರಿ ತಗೋರಿ, ಹುಡುಗ್ರಿಗೆ ತಿಳಿದದ್ದು ಅಂತ ಅವ್ರ ಸೂಚಿಸಿದ್ರು. ಲೆಕ್ಕ ಮಾತ್ರ ನಾ ಒಬ್ನ ಹುಟ್ಟಿಸಿದೆ, ಅವ್ರಿಗೆ ತೋರಿಸ್ಲಿಲ್ಲ. ಎಂಟು ಗಜದ ಸೀರಿ ಐದು ನೇಯಾಕ ನೂಲಿನ ಹಾಸು, ಅಂದ್ರ ಉದ್ದನ ಎಳಿ, ಎಷ್ಟು ಗಜ ಬೇಕು?

ಎಲ್ಲಾರೂ ನಲವತ್ತು ಅಂದ್ರು. ಅಲ್ಲೀತನಕ ಬಾಯಿ ಬಿಡದ ನೇಕಾರ ಹುಡುಗಿಯೊಬ್ಬಾಕಿ ಎದ್ದು ನಿಂತ್ಲು.

"ಅಷ್ಟು ಹತ್ತೂದಿಲ್ರಿ ಗುರುಗಳ. ಕಡಿಮಿ ಸಾಕು."

"ಐದೆಂಟ್ಲೆ ಎಷ್ಟವಾ?"

"ನಲವತ್ರಿ. ಆದ್ರ..."

"ಆದ್ರ ಏನು? ನಿಮ್ಮಪ್ಪ ಗಜ ಕದ್ದು ಸೀರಿ ಮಾರ್ತಾನೇನು? ಕುಂಡ್ರು!"

ವರ್ಗಕ್ಕ ವರ್ಗನ ಹೋ ಅಂತ ನಕ್ತು. ಹಿಂದ ಮಾಸ್ತರು ಅರ್ಧ ಎದ್ದು ಮತ್ತ ಕುಂತ್ರು.

ಸಾಲಿ ಬಿಟ್ಟ ಮ್ಯಾಲೆ ಅವ್ರು ಅಂದ್ರು, "ಸೆರಗಿಗೆ ಬ್ಯಾರೆ ರೇಷ್ಮಿ ಹಾಸು ಇರ್ತೈತ್ರಿ, ಎಳಿಗೆ ಎಳಿ ಸಿಗಿಸಿ ಜೋಡಸ್ತೀವಿ. ನೂಲಿನ ಹಾಸು ಸೀರಿ ಮೈಯಷ್ಟಕ್ಕ. ಹುಡುಗಿ ಹೇಳಿದ್ದು ಖರೆ."

"ಅಲ್ಲೇ ಹೇಳಬಾರ್ದೇನ್ರಿ?"

"ಬಾಯಿ ತೆರೀಬಾರ್ದು ಅಂದಾವ್ರು ಯಾರ್ರಿ, ಟ್ರೇನಿಂಗ್ ಮಾಸ್ತರ್ರ?" ನಗಲಿಲ್ಲ ಅವ್ರು. "ನಾಳೆ ಎಲ್ಲಾರ ಮುಂದ ತಿದ್ದಿ ಹೇಳ್ರಿ. ಪಾಪ, ಇವತ್ತ ಮೊದಲ ಸಲ ಬಾಯಿ ಬಿಟ್ಟಿತ್ತು."

ಹ್ಞೂಂ ಅಂದೆ. ಮರುದಿನ ಕರಿಹಲಗಿ ಮುಂದ ಖಡು ಹಿಡ್ಕೊಂಡು ನಿಂತೆ, ಮಾಸ್ತರು ಅವತ್ತ ಹಿಂದ ಇದ್ದಿದ್ದಿಲ್ಲ. ಹುಡುಗ್ರ ಮುಂದ ಮರ್ಯಾದಿ ಹೋಗ್ತೈತಿ ಅನಿಸ್ತು. ಭಾಗಾಕಾರ ಚಾಲೂ ಮಾಡ್ದೆ. ಶನಿವಾರ "ಹೇಳಿದ್ರೇನ್ರಿ?" ಅಂತ ಮಾಸ್ತರು ಕೇಳಿದ್ರ, ಹೇಳೀನ್ರಿ ಅಂತ ಸುಳ್ಳು ಬಿಟ್ಟೆ. ಎಂಥಾ ಗಂಡಸು ನೋಡ್ರಿ ನಾ!

ಆ ಹುಡುಗಿ ಮತ್ತ ಎದ್ದು ನಿಲ್ಲಲಿಲ್ಲ. ಪಾಟಿಮ್ಯಾಲೆ ಉತ್ತರ ಬರೀತಿತ್ತು, ನಾ ಹತ್ರ ಹೋಗೂದ್ರಾಗ ಅಂಗೈಲೆ ಒರಿಸಿಬಿಡ್ತಿತ್ತು. ಒಮ್ಮೆ ದೂರದಿಂದನ ನೋಡ್ದೆ, ಉತ್ತರ ಸರಿ ಇತ್ತು.

ಮುಂದ ನನಗ ಹುನಗುಂದಕ್ಕ ವರ್ಗ ಆತು. ಆಕಿ ಅಪ್ಪನ ಮ್ಯಾಲೆ ಹೊರಿಸಿದ ಕಳವು ಇಳಿಸದನ ಬಸ್ ಹತ್ತಿದೆ.